ಕಾಟಿಪಳ್ಳದ ಜಗಲಿಯಲ್ಲಿ ಕೃಷ್ಣಾಗರು

ವಾಚಕರೆ, ಸಂಜೆಯ ಹೊತ್ತು ದೇವರ ಮುಂದೆಯೋ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆಯೋ ನೀವು ಹಚ್ಚಿಡುವ ಕಡ್ಡಿಗೆ ಏನೆಂದು ಹೆಸರು? ನಿಮ್ಮಲ್ಲಿ ಕೆಲವರು ಊದುಬತ್ತಿ ಎನ್ನುವಿರಿ, ಕೆಲವರು ಅಗರಬತ್ತಿ ಎನ್ನುವಿರಿ. ಘಟ್ಟದ ಮೇಲಿನ ಹಿರಿಯರು ಊದಿನಕಡ್ಡಿ ಎನ್ನುವುದೂ ಉಂಟು. ಒಂದೇ ವಸ್ತುವಿಗೆ ಈ ಎರಡು ಬಗೆಯ ಹೆಸರು ಏಕೆ ಬಂದಿತೆಂದು ಯೋಚಿಸಿದವರು ವಿರಳ. ಉರಿಯನ್ನು ಊದಿ ಆರಿಸಿ ಹೊಗೆಯನ್ನು ಉಳಿಸಿಕೊಳ್ಳುತ್ತೇವೆ, ಆದುದರಿಂದ ಅದು ಊದುಬತ್ತಿ ಎಂದು ನಾನೇ ಒಮ್ಮೆ ತರಗತಿಯಲ್ಲಿ ಬಹು ಧೈರ್ಯದಿಂದ ವಿವರಿಸಿದ್ದೆ. ಆ ವಿವರಣೆ ತಪ್ಪು.

ಊದ್ ಎಂಬುದು ಅರಬ್ಬೀ ಶಬ್ದ. ಅದರ ಮೂಲಾರ್ಥ ಮರ, ಕಟ್ಟಿಗೆ ಎಂದಷ್ಟೆ. ಅರಬರ ಒಂದು ತಂತೀವಾದ್ಯಕ್ಕೂ ಅದೇ ಹೆಸರು. ಆದರೆ ಪರಿಮಳದ ಮಾತು ಬಂದಾಗ ಊದ್ ಎಂದರೆ ಒಂದೇ ಮರ, ಸಂಸ್ಕೃತದವರು ಅಗುರು ಎಂದೂ ನಾವು ಅಗರು ಎಂದೂ ಕರೆಯುವ ಮರ. ಹಾಗಾಗಿ ಊದುಬತ್ತಿಯೂ ಅಗರಬತ್ತಿಯೂ ಒಂದೇ ಅರ್ಥದ ಎರಡು ಮಾತುಗಳು. ಒಂದು ಸಂಸ್ಕೃತದ ಮನೆಯಿಂದ ಬಂದಿತು, ಇನ್ನೊಂದು ಅರಬ್ಬೀ ಹಿಂದೂಸ್ತಾನಿಗಳ ದಾರಿ ಹಿಡಿದು ಬಂದಿತು. ಎರಡೂ ನಮ್ಮ ದೇವರ ಗೂಡಿನಲ್ಲಿ ಜಗಳವಿಲ್ಲದೆ ಒಟ್ಟಿಗೆ ಕುಳಿತಿವೆ.

ಈ ಸಂಗತಿಯನ್ನು ನಾನು ತಿಳಿದದ್ದು ಕೋಶದಿಂದಲ್ಲ. ಮಂಗಳೂರಿನ ಕಾಟಿಪಳ್ಳದಲ್ಲಿ, ನನ್ನದೇ ಹಳೆಯ ವಿದ್ಯಾರ್ಥಿಯೊಬ್ಬನಿಂದ ತಿಳಿದೆ. ಅದನ್ನು ಹೇಳುವ ಮುಂಚೆ ನನ್ನ ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕು.

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಪ್ರೌಢಶಾಲೆಯಲ್ಲಿ ಹಳಗನ್ನಡ ಪದ್ಯವೊಂದನ್ನು ಪಾಠ ಮಾಡುತ್ತಿದ್ದೆ. ಅರಮನೆಯ ವರ್ಣನೆ, ಅದರಲ್ಲಿ ಕೃಷ್ಣಾಗರುವಿನ ಧೂಪ. ನಮ್ಮ ಕಾವ್ಯಗಳಲ್ಲಿ ಅರಮನೆ, ಅಂತಃಪುರ, ಜಿನಾಲಯ, ಶಿವಾಲಯ ಯಾವುದು ಬಂದರೂ ಆ ಧೂಪ ಏಳದೆ ಇರುವುದು ಅಪರೂಪ. ನಾನು ಎಂದಿನಂತೆ ಕರಿಹಲಗೆಯ ಮೇಲೆ ‘ಕೃಷ್ಣಾಗರು: ಒಂದು ಸುಗಂಧದ್ರವ್ಯ’ ಎಂದು ಬರೆದು ಮುಂದಕ್ಕೆ ಹೊರಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಅದರ ವಾಸನೆ ಹೇಗಿರುತ್ತದೆ ಸಾರ್?’ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ನಾಲಗೆ ಬರಲಿಲ್ಲ. ‘ಪರೀಕ್ಷೆಗೆ ಅದು ಬರುವುದಿಲ್ಲ, ಕೂತುಕೋ’ ಎಂದೆ. ಹುಡುಗ ಕುಳಿತ. ತರಗತಿ ನಕ್ಕಿತು. ಅದಾದ ಮೇಲೆ ಎಷ್ಟೋ ವರ್ಷ ಆ ಶಬ್ದಕ್ಕೆ ಅದೇ ಅರ್ಥವನ್ನು ಬರೆಯುತ್ತ ಬಂದೆ.

ಆ ಹುಡುಗ ಓದು ಮುಗಿಸಿ ಕೊಲ್ಲಿಯ ನಾಡಿಗೆ ಹೋದ. ಕೆಲವು ವರ್ಷಗಳ ಹಿಂದೆ ಈದ್ ಹಬ್ಬದ ಮಾರನೆಯ ದಿನ ನನಗೆ ದೂರವಾಣಿಯಲ್ಲಿ, ‘ಮಾಸ್ಟ್ರೇ, ಕಾಟಿಪಳ್ಳಕ್ಕೆ ಬನ್ನಿ, ನಿಮಗೊಂದು ವಾಸನೆ ತೋರಿಸುವುದುಂಟು’ ಎಂದ. ಅವನು ಮರೆತಿರಲಿಲ್ಲ.

ಕಾಟಿಪಳ್ಳವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಸುರತ್ಕಲ್ಲಿನ ಹೆದ್ದಾರಿಯಿಂದ ಮೂಡುದಿಕ್ಕಿಗೆ ಹೊರಳಿದರೆ ಕೃಷ್ಣಾಪುರ, ಕಾಟಿಪಳ್ಳಗಳು ಸಿಗುತ್ತವೆ. ಇಲ್ಲಿನ ವಿಳಾಸಗಳಲ್ಲಿ ಬೀದಿಯ ಹೆಸರಿಗಿಂತ ಬ್ಲಾಕಿನ ಸಂಖ್ಯೆಯೇ ಹೆಚ್ಚು. ಅದಕ್ಕೆ ಕಾರಣವುಂಟು. ೧೯೬೨ರಲ್ಲಿ ಪಣಂಬೂರಿನ ಕಡಲ ತೀರದಲ್ಲಿ ನವಮಂಗಳೂರು ಬಂದರಿನ ಕೆಲಸ ತೊಡಗಿತು. ೧೯೭೪ರಲ್ಲಿ ಅದು ದೇಶದ ಪ್ರಧಾನ ಬಂದರುಗಳಲ್ಲೊಂದೆಂದು ಘೋಷಿತವಾಯಿತು. ೧೯೭೫ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಆ ಬಂದರಿಗಾಗಿ ಮನೆ, ತೆಂಗಿನ ತೋಟ, ಗದ್ದೆಗಳನ್ನು ಬಿಟ್ಟುಕೊಟ್ಟ ಕುಟುಂಬಗಳಿಗೆ ಹೊಸ ನೆಲೆಯನ್ನು ಕೊಟ್ಟದ್ದು ಇಲ್ಲಿ. ಹಿಂದುಗಳು, ಮುಸಲ್ಮಾನರು, ಕ್ರೈಸ್ತರು ಎಲ್ಲರೂ ಹಾಗೆ ಬಂದು ನಿಂತವರು. ನಾನು ಹೋದ ಮನೆಯ ಹಿರಿಯರು ಪಣಂಬೂರಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಇಲ್ಲಿಗೆ ಬಂದವರು. ‘ಕಡಲು ಬಿಟ್ಟು ಬಂದೆವು, ಕಡಲಾಚೆಯ ವಾಸನೆ ಮಾತ್ರ ಬಿಟ್ಟಿಲ್ಲ’ ಎಂದು ನಗುತ್ತ ನನಗೆ ಕುರ್ಚಿ ಎಳೆದುಕೊಟ್ಟರು.

ಜಗಲಿಯಲ್ಲಿ ಐದಾರು ಮಂದಿ ಗೆಳೆಯರು. ಪ್ರತಿಯೊಬ್ಬನ ಕಿಸೆಯಲ್ಲೂ ಹೆಬ್ಬೆರಳ ಗಾತ್ರದ ಗಾಜಿನ ಸೀಸೆ. ಅದರಲ್ಲಿರುವುದು ಕಾಲು ತೊಲ ಎಣ್ಣೆ, ಎಂದರೆ ಮೂರು ಗ್ರಾಮಿನಷ್ಟು. ಅರಬರು ಇದಕ್ಕೆ ದಹನ್ ಅಲ್ ಊದ್, ಊದಿನ ಎಣ್ಣೆ, ಎನ್ನುತ್ತಾರೆ. ಅವರು ಒಂದೊಂದು ಸೀಸೆಯಿಂದ ಗಾಜಿನ ಕಡ್ಡಿಯ ತುದಿಯಷ್ಟು ಎಣ್ಣೆಯನ್ನು ತೆಗೆದು, ಮಣಿಕಟ್ಟಿನಿಂದ ಮೊಣಕೈವರೆಗೆ ಬೇರೆ ಬೇರೆ ಕಡೆ ಮುಟ್ಟಿಸಿ, ಮೂಸಿ, ಸುಮ್ಮನೆ ಕುಳಿತರು. ಕಾಲುಗಂಟೆ ಕಳೆದು ಮತ್ತೆ ಮೂಸಿದರು. ಊಟವಾದ ಮೇಲೆ ಇನ್ನೊಮ್ಮೆ. ನಡುವೆ ಬ್ಯಾರಿ, ಕನ್ನಡ, ಮಲೆಯಾಳ, ಅರಬ್ಬೀ ಎಲ್ಲ ಬೆರೆತ ಚರ್ಚೆ. ಇದು ‘ಹಿಂದಿ’, ಎಂದರೆ ಅಸ್ಸಾಮಿನದು. ಇದು ‘ಕಂಬೋಡಿ’, ಇದು ಬೋರ್ನಿಯೊ ದ್ವೀಪದ್ದು. ಒಬ್ಬನು ಹೊಗಳಿದ್ದನ್ನು ಇನ್ನೊಬ್ಬನು ಒಪ್ಪುವುದಿಲ್ಲ. ನಮ್ಮಲ್ಲಿ ತಾಳಮದ್ದಲೆಯ ಅರ್ಥಧಾರಿಗಳನ್ನು ಹೋಲಿಸುವವರು ಹೇಗೋ ಹಾಗೆ!

ನನ್ನ ಕೈಗೆ ಮೊದಲು ಹಚ್ಚಿದ್ದು ಅಸ್ಸಾಮಿನ ಎಣ್ಣೆ. ಮೂಸಿದೆ. ಸತ್ಯ ಹೇಳುತ್ತೇನೆ, ದನದ ಹಟ್ಟಿಯ ನೆನಪಾಯಿತು. ಮುಖ ಸಿಂಡರಿಸಿರಬೇಕು, ಎಲ್ಲರೂ ನಕ್ಕರು. ‘ತಡೆಯಿರಿ ಮಾಸ್ಟ್ರೇ, ಅದು ಇನ್ನೂ ಮಾತು ಆರಂಭಿಸಿಲ್ಲ’ ಎಂದ ನನ್ನ ಶಿಷ್ಯ. ತಡೆದೆ. ಅರ್ಧ ಗಂಟೆಯಲ್ಲಿ ಹಟ್ಟಿ ಹೋಗಿ ಹದ ಮಾಡಿದ ಚರ್ಮ ಬಂದಿತು. ಚರ್ಮ ಹೋಗಿ ಹಳೆಯ ಬೆಲ್ಲ ಬಂದಿತು. ಕೊನೆಗೆ ಅಜ್ಜನ ಕಾಲದ ಮರದ ಪೆಟ್ಟಿಗೆಯನ್ನು ತೆರೆದಂಥ ಒಂದು ಗಂಭೀರ ಪರಿಮಳ ನಿಂತಿತು. ಮರುದಿನ ಸ್ನಾನವಾದ ಮೇಲೂ ಅದು ಕೈಬಿಟ್ಟಿರಲಿಲ್ಲ. ಅರಮನೆಯ ಆ ವರ್ಣನೆ ನನಗೆ ಅರ್ಥವಾದದ್ದು ಅಂದು.

ಈಗ ಆ ಮರದ ವಿಷಯಕ್ಕೆ ಬರೋಣ. ನಾನು ಪಂಡಿತ ಪರೀಕ್ಷೆಗೆ ಓದಿದವನು. ಅಮರಕೋಶವನ್ನು ಬಾಯಿಪಾಠ ಮಾಡಿದವನು. ಅಮರಸಿಂಹನು ಅಗುರುವಿಗೆ ಕೊಟ್ಟಿರುವ ಪರ್ಯಾಯ ಪದಗಳಲ್ಲಿ ಮೂರನ್ನು ನೋಡಿರಿ. ರಾಜಾರ್ಹ ಎಂಬುದೊಂದು, ಅರಸರಿಗೆ ತಕ್ಕದ್ದು ಎಂದು ಅರ್ಥ. ಲೋಹ ಎಂಬುದು ಇನ್ನೊಂದು. ಕೃಮಿಜ ಎಂಬುದು ಮತ್ತೊಂದು, ಹುಳುವಿನಿಂದ ಹುಟ್ಟಿದ್ದು. ಮೊದಲನೆಯದು ಯಾರಿಗಾದರೂ ತಿಳಿಯುತ್ತದೆ. ಮರಕ್ಕೆ ಲೋಹವೆಂದು ಏಕೆ ಹೆಸರು? ಸುಗಂಧಕ್ಕೆ ಹುಳುವಿನ ಹೆಸರು ಏಕೆ? ಬಾಯಿಪಾಠ ಮಾಡುವಾಗ ನಾನು ಕೇಳಲಿಲ್ಲ, ಗುರುಗಳು ಹೇಳಲಿಲ್ಲ.

ಉತ್ತರ ಮರದಲ್ಲಿಯೇ ಇದೆ. ಅಗರು ಮರವು ಅಸ್ಸಾಮ್ ಮೊದಲಾದ ಈಶಾನ್ಯ ಪ್ರಾಂತಗಳಲ್ಲಿಯೂ ಅಲ್ಲಿಂದ ಆಚೆ ಮಲಯ, ಸುಮಾತ್ರ, ಬೋರ್ನಿಯೊಗಳ ಕಾಡುಗಳಲ್ಲಿಯೂ ಬೆಳೆಯುತ್ತದೆ. ಕಂಬೋಡಿಯ, ವಿಯೆಟ್ನಾಮ್‌ಗಳಲ್ಲಿ ಅದರದೇ ಕುಲದ ಬೇರೆ ಜಾತಿಗಳುಂಟು. ಆರೋಗ್ಯವಾಗಿರುವ ಅಗರು ಮರದ ಕಟ್ಟಿಗೆ ಬೆಳ್ಳಗೆ, ಹಗುರವಾಗಿ, ಯಾವ ಪರಿಮಳವೂ ಇಲ್ಲದೆ ಇರುತ್ತದೆ. ಒಲೆಗೆ ಹಾಕಿದರೂ ವಿಶೇಷವಿಲ್ಲ. ಆದರೆ ಕಾಂಡವನ್ನು ಕೊರೆಯುವ ಹುಳುವೊಂದು ಒಳಹೊಕ್ಕರೆ, ಅಥವಾ ಬೇರೆ ಯಾವ ಕಾರಣದಿಂದಲೋ ಗಾಯವಾದರೆ, ಆ ಗಾಯಕ್ಕೆ ಶಿಲೀಂಧ್ರ ತಗಲುತ್ತದೆ. ಆಗ ಮರವು ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಗಾಯದ ಸುತ್ತ ಕಪ್ಪಾದ ಅಂಟನ್ನು ತುಂಬಿಕೊಳ್ಳುತ್ತ ಹೋಗುತ್ತದೆ. ವರ್ಷಗಳು ಉರುಳಿದಂತೆ ಆ ಭಾಗದ ಕಟ್ಟಿಗೆ ಕರಿದಾಗಿ, ಭಾರವಾಗಿ, ಉತ್ತಮವಾದುದು ನೀರಿಗೆ ಹಾಕಿದರೆ ಮುಳುಗುವಷ್ಟು ಘನವಾಗುತ್ತದೆ. ಅದೇ ಕೃಷ್ಣಾಗರು. ಹುಳುವಿನಿಂದ ಹುಟ್ಟಿದುದರಿಂದ ಕೃಮಿಜ. ಕಬ್ಬಿಣದಂತೆ ಮುಳುಗುವುದರಿಂದ ಲೋಹ ಎನ್ನೋಣ. ಚೀನೀಯರು ಅದಕ್ಕಿಟ್ಟ ಹೆಸರಿಗೂ ‘ಮುಳುಗುವ ಪರಿಮಳ’ ಎಂದೇ ಅರ್ಥ. ಅಗುರು ಎಂಬ ಶಬ್ದವನ್ನು ಬಿಡಿಸಿದರೆ ಮಾತ್ರ ‘ಭಾರವಲ್ಲದ್ದು’ ಎಂದಾಗುತ್ತದೆ. ಅದು ಹಗುರವಾದ ಮರದ ಮಾತೆಂದು ಕೆಲವರೂ, ದ್ರಾವಿಡದ ಅಗಿಲ್ ಶಬ್ದವೇ ಸಂಸ್ಕೃತಕ್ಕೆ ಹೋಗಿ ವೇಷ ಬದಲಿಸಿತೆಂದು ಕೆಲವರೂ ಹೇಳುತ್ತಾರೆ. ನಮ್ಮ ಘಟ್ಟದ ಬಿಳಿ ದೇವದಾರಿಯಂಥ ಬೇರೆ ಮರಗಳಿಗೂ ಅಗಿಲು ಎಂಬ ಹೆಸರು ಸಂದಿರುವುದರಿಂದ ಹೆಸರನ್ನು ಮಾತ್ರ ನಂಬಿ ಮರವನ್ನು ಗುರುತಿಸಲಾಗದು.

ಜಗಲಿಯ ಗೆಳೆಯರು ಮಾಡುತ್ತಿದ್ದ ಹೋಲಿಕೆ ಇಂದಿನ ಶೋಕಿ ಎಂದು ನಾನು ಮೊದಲು ಭಾವಿಸಿದ್ದೆ. ಮನೆಗೆ ಬಂದು ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ತಾಳೆಗರಿಯಿಂದ ಬೆಳಕಿಗೆ ಬಂದು, ಆರ್. ಶಾಮಶಾಸ್ತ್ರಿಗಳ ಕೈಯಿಂದ ೧೯೦೯ರಲ್ಲಿ ಅಚ್ಚಾದ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ, ಬೊಕ್ಕಸಕ್ಕೆ ಸೇರಿಸುವ ಬೆಲೆಯುಳ್ಳ ಪದಾರ್ಥಗಳ ಪರೀಕ್ಷೆಯ ಪ್ರಕರಣವುಂಟು. ಅಲ್ಲಿ ಮುತ್ತು, ಮಣಿ, ವಜ್ರ, ಚಂದನಗಳ ಬಳಿಕ ಅಗರುವಿನ ಸರದಿ. ಕೌಟಿಲ್ಯನು ಅದರಲ್ಲಿ ಜೋಂಗಕ, ದೋಂಗಕ, ಪಾರಸಮುದ್ರಕ ಎಂದು ಮೂರು ಬಗೆಗಳನ್ನು ಹೇಳುತ್ತಾನೆ. ಬಣ್ಣದಿಂದ ಅವನ್ನು ಬೇರ್ಪಡಿಸುತ್ತಾನೆ. ಕಡಲಾಚೆಯಿಂದ ಬಂದ ಪಾರಸಮುದ್ರಕಕ್ಕೆ ಲಾವಂಚದ ಇಲ್ಲವೆ ನವಮಲ್ಲಿಕೆಯ ವಾಸನೆ ಎನ್ನುತ್ತಾನೆ. ಒಳ್ಳೆಯ ಅಗರುವಿನ ಲಕ್ಷಣಗಳನ್ನೂ ಎಣಿಸುತ್ತಾನೆ: ಭಾರವಾಗಿರಬೇಕು, ಜಿಡ್ಡಾಗಿರಬೇಕು, ಪರಿಮಳ ದೂರ ಹರಡಬೇಕು, ಬೆಂಕಿಯನ್ನು ತಾಳಬೇಕು, ಹೊಗೆ ಕದಡಬಾರದು, ವಾಸನೆ ಮೊದಲಿನಿಂದ ಕೊನೆಯವರೆಗೆ ಸಮನಾಗಿರಬೇಕು, ಉಜ್ಜಿದರೂ ಕೆಡಬಾರದು.

ಕಾಟಿಪಳ್ಳದ ಜಗಲಿಯಲ್ಲಿ ನಾನು ಕೇಳಿದ್ದೂ ಇದನ್ನೇ! ‘ಇದು ಬೇಗ ಹಾರಿಹೋಯಿತು’, ‘ಇದು ಕೊನೆಯವರೆಗೆ ನಿಂತಿತು’, ‘ಇದರಲ್ಲಿ ಹೂವಿನ ಛಾಯೆ ಉಂಟು’. ಅರ್ಥಶಾಸ್ತ್ರದ ಕೋಶಾಧ್ಯಕ್ಷನು ಅರಸನ ಭಂಡಾರಕ್ಕಾಗಿ ಮಾಡುತ್ತಿದ್ದ ಪರೀಕ್ಷೆಯನ್ನು ಈ ತರುಣರು ತಮ್ಮ ಸಂತೋಷಕ್ಕಾಗಿ ಮಾಡುತ್ತಿದ್ದರು. ಅವರು ಅರ್ಥಶಾಸ್ತ್ರವನ್ನು ಓದಿದವರಲ್ಲ. ಓದಿದ್ದ ನನಗೆ ಆ ಸಾಲುಗಳು ಶಬ್ದಗಳಾಗಿಯೇ ಉಳಿದಿದ್ದವು.

ಈ ದ್ರವ್ಯ ನಮ್ಮ ನಾಡಿಗೆ ಹೇಗೆ ಬಂದಿತು? ಕರ್ಣಾಟಕವು ಶ್ರೀಗಂಧದ ಬೀಡು, ಅಗರುವಿನ ಬೀಡಲ್ಲ. ಅದರ ಪ್ರಸಿದ್ಧವಾದ ತವರು ಕಾಮರೂಪ, ಇಂದಿನ ಅಸ್ಸಾಮ್. ರಘುವಂಶದಲ್ಲಿ ರಘುವು ಲೌಹಿತ್ಯ ನದಿಯನ್ನು ದಾಟಿದಾಗ ಪ್ರಾಗ್ಜ್ಯೋತಿಷದ ಅರಸನು ನಡುಗುತ್ತಾನೆ. ರಘುವಿನ ಆನೆಗಳನ್ನು ಕಟ್ಟಿದ್ದರಿಂದ ಅಲ್ಲಿನ ಕಾಲಾಗುರು ಮರಗಳೂ ಜೊತೆಗೆ ನಡುಗುತ್ತವೆ. ಮರದ ಊರು ಯಾವುದೆಂದು ಕಾಳಿದಾಸನಿಗೆ ಚೆನ್ನಾಗಿ ಗೊತ್ತಿತ್ತು. ಏಳನೆಯ ಶತಮಾನದಲ್ಲಿ ಕಾಮರೂಪದ ಭಾಸ್ಕರವರ್ಮನು ಹರ್ಷವರ್ಧನನಿಗೆ ಕಳುಹಿಸಿದ ಕಾಣಿಕೆಗಳ ಪಟ್ಟಿಯನ್ನು ಬಾಣಭಟ್ಟನು ಹರ್ಷಚರಿತದಲ್ಲಿ ಕೊಟ್ಟಿದ್ದಾನೆ. ಅದರಲ್ಲಿ ಬಿದಿರಿನ ಕೊಳವೆಗಳಲ್ಲಿ ತುಂಬಿದ ಕೃಷ್ಣಾಗರುವಿನ ಎಣ್ಣೆಯುಂಟು. ಅಗರು ಮರದ ತೊಗಟೆಯ ಹಾಳೆಗಳಲ್ಲಿ ಬರೆದ ಪುಸ್ತಕಗಳೂ ಉಂಟು. ಆ ತೊಗಟೆಯ ಮೇಲೆ ಬರೆಯುವ ಪದ್ಧತಿ ಅಸ್ಸಾಮಿನಲ್ಲಿ ಸಾಂಚಿಪಾತ್ ಎಂಬ ಹೆಸರಿನಿಂದ ಬಹುಕಾಲ ನಡೆಯಿತು. ಸೀಸೆಯ ಬದಲು ಬಿದಿರು ಎಂಬುದನ್ನು ಬಿಟ್ಟರೆ, ನನ್ನ ಕೈಗೆ ಹಚ್ಚಿದ ಎಣ್ಣೆ ಹರ್ಷನಿಗೆ ಕಾಣಿಕೆಯಾಗಿ ಬಂದ ಎಣ್ಣೆಯ ವಂಶದ್ದೇ.

ಅರಬ ವರ್ತಕರು ಕೂಡ ಊದನ್ನು ಊರಿನ ಹೆಸರಿನಿಂದಲೇ ಗುರುತಿಸುತ್ತಿದ್ದರು. ಕಾಮರೂಪದ್ದು ಕಾಮರೂನಿ, ಖ್ಮೇರರ ನಾಡಿನದು ಕಮಾರಿ, ಚಂಪಾ ದೇಶದ್ದು ಸನ್ಫಿ. ಹತ್ತನೆಯ ಶತಮಾನದ ಅಬೂ ಜೈದ್ ಅಲ್ ಸೀರಾಫಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಬರೆದಿದ್ದಾನೆ. ಮುದ್ರೆಯೊತ್ತಿದರೆ ಗುರುತು ಮೂಡುವಷ್ಟು ಅಂಟು ತುಂಬಿದ ಕಾಮರೂಪದ ಅಗರುವನ್ನು ಭಕ್ತರು ದೂರದ ಮುಲ್ತಾನಿನ ದೇವಾಲಯಕ್ಕೆ ಧೂಪಕ್ಕೆಂದು ತಂದು ಒಪ್ಪಿಸುತ್ತಿದ್ದರಂತೆ. ಅಲ್ಲಿನ ಪರಿಚಾರಕರಿಂದ ಅರಬ ವರ್ತಕರು ಅದನ್ನು ಕೊಂಡು ಒಯ್ಯುತ್ತಿದ್ದರಂತೆ. ಒಂದೇ ತುಂಡು ಮರ ದೇವಾಲಯದ ಬಾಗಿಲಿಗೂ ಮಸೀದಿಯ ಬಾಗಿಲಿಗೂ ಹೋದ ದಾರಿ ಇದು.

ಪಡುವಣ ಕರಾವಳಿಯೂ ಆ ವ್ಯಾಪಾರದ ಹೆದ್ದಾರಿಯ ಮೇಲೆಯೇ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ನೆಲಸಿ ಏಡನ್ನಿನ ವ್ಯಾಪಾರಿಗಳೊಡನೆ ಮೆಣಸು, ಕಬ್ಬಿಣ, ಕಂಚಿನ ಸಾಮಾನುಗಳ ವ್ಯವಹಾರ ನಡೆಸುತ್ತಿದ್ದನು. ಅವನ ಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಮಂದಿರದಲ್ಲಿ ಉಳಿದುಬಂದವು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು, ಪರ್ಷಿಯ ಯೆಮೆನ್‌ಗಳ ವರ್ತಕರು ಮಂಗಳೂರಿನಲ್ಲಿ ಇಳಿಯುತ್ತಾರೆಂದೂ, ಸುಮಾರು ೪೦೦೦ ಮುಸಲ್ಮಾನರು ಇಲ್ಲಿ ವಾಸವಾಗಿದ್ದಾರೆಂದೂ ಬರೆದನು. ಬ್ಯಾರಿ ಎಂಬ ಹೆಸರೇ ತುಳುವಿನ ಬ್ಯಾರ, ಎಂದರೆ ವ್ಯಾಪಾರ, ಎಂಬ ಮಾತಿನಿಂದ ಬಂದಿದೆ ಎಂದು ಬಲ್ಲವರು ಹೇಳುತ್ತಾರೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ತುಗೀಸರ ದುಆರ್ತೆ ಬಾರ್ಬೋಸನು ಕಲ್ಲಿಕೋಟೆಯ ಪೇಟೆಯ ದರಗಳನ್ನು ಬರೆದಿಡುವಾಗ ಅಗಿಲಿಗೆ ಒಂದು ಬೆಲೆಯನ್ನೂ, ಕಪ್ಪಾಗಿ ಭಾರವಾಗಿರುವ ಉತ್ತಮ ಜಾತಿಗೆ ಅದರ ಎರಡು ಪಟ್ಟಿಗೂ ಮಿಕ್ಕ ಬೆಲೆಯನ್ನೂ ಕೊಟ್ಟಿದ್ದಾನೆ.

ಪೋರ್ತುಗೀಸರಿಂದ ಇನ್ನೊಂದು ತಮಾಷೆ ನಡೆಯಿತು. ನಮ್ಮ ಅಗಿಲು ಅವರ ಬಾಯಲ್ಲಿ ಆಗಿಲಾ ಆಯಿತು. ಅದು ಅವರ ಭಾಷೆಯಲ್ಲಿ ಹದ್ದಿನ ಹೆಸರನ್ನು ಹೋಲುವ ಮಾತು. ಆಂಗ್ಲರು ಅದನ್ನು ಈಗಲ್‌ವುಡ್ ಎಂದು ಭಾಷಾಂತರಿಸಿದರು. ಸಸ್ಯಶಾಸ್ತ್ರದವರು ಮರದ ಕುಲಕ್ಕೆ ಅಕ್ವಿಲೇರಿಯ ಎಂದು ಹೆಸರಿಟ್ಟರು, ಅದಕ್ಕೂ ಮೂಲ ಹದ್ದೇ. ಹುಳುವಿನಿಂದ ಹುಟ್ಟಿದ ವಸ್ತು ಹೀಗೆ ಶಬ್ದದ ಬಲದಿಂದ ಹಾರುವ ಹದ್ದಾಯಿತು. ಊದುಬತ್ತಿಗೆ ನಾನು ಹೇಳಿದ ವ್ಯುತ್ಪತ್ತಿಯನ್ನು ನೆನೆದು, ತಪ್ಪು ಮಾಡಿದವನು ನಾನೊಬ್ಬನೇ ಅಲ್ಲವೆಂದು ಸಮಾಧಾನ ಪಟ್ಟುಕೊಂಡೆ.

ಕಡಲಿನಿಂದ ಘಟ್ಟ ಹತ್ತಿದರೆ ನಮ್ಮ ಅರಸರ ಆಸ್ಥಾನಗಳು. ಕ್ರಿ.ಶ. ೧೦೨೫ರ ಸುಮಾರಿನಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿ ಬೇಸಾಯ, ಬಾವಿ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧಗಳನ್ನು ಮಾಡುವ ವಿಧಾನವೂ ಉಂಟು. ಅದಾದ ನೂರು ವರ್ಷಕ್ಕೆ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಅರಸನು ಅನುಭವಿಸತಕ್ಕ ಭೋಗಗಳಲ್ಲಿ ವಿಲೇಪನ ಭೋಗ, ಧೂಪ ಭೋಗಗಳಿಗೆ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿದೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾಹನಿಗಾಗಿ ಫಾರಸಿಯಲ್ಲಿ ‘ಇತ್ರ್ ಎ ನವ್ರಸ್ ಷಾಹಿ’ ಎಂಬ ಸುಗಂಧ ಗ್ರಂಥವೇ ರಚಿತವಾಯಿತು. ಕಲ್ಯಾಣವೂ ಬಿಜಾಪುರವೂ ಭಾಷೆಯಲ್ಲಿ, ಮತದಲ್ಲಿ ಬೇರೆಯಾದರೂ ಮೂಗಿನಲ್ಲಿ ಅಷ್ಟು ದೂರದವಲ್ಲ.

ಚಂದನ ಅಗರುಗಳ ನಡುವಿನ ಭೇದವನ್ನೂ ನಮ್ಮ ಹಿರಿಯರು ಬಲ್ಲರು. ಚಂದನ ತಂಪು, ಬೇಸಗೆಯದು; ಅಗರು ಉಷ್ಣ, ಹೇಮಂತ ಶಿಶಿರಗಳದು. ಚಳಿಯನ್ನು ಹೋಗಲಾಡಿಸುವ ಲೇಪಗಳಲ್ಲಿ ರಾಸ್ನೆ, ಅಗುರುಗಳೇ ಶ್ರೇಷ್ಠವೆಂದು ಚರಕಸಂಹಿತೆ ಹೇಳುತ್ತದೆ. ಕಾವ್ಯದ ನಾಯಿಕೆಯರು ಚಳಿಗಾಲದಲ್ಲಿ ಕಾಲಾಗುರುವಿನ ಹೊಗೆಯನ್ನು ತಲೆಗೂದಲಿಗೆ ಹಿಡಿಯುವುದು ಬರಿಯ ಅಲಂಕಾರಕ್ಕಲ್ಲ. ಜಗಲಿಯ ಗೆಳೆಯರಲ್ಲೊಬ್ಬ, ‘ಹಿಂದಿ ಊದನ್ನು ಬೇಸಗೆಯಲ್ಲಿ ಹಚ್ಚಬಾರದು ಮಾಸ್ಟ್ರೇ, ತಲೆಗೇರುತ್ತದೆ, ಮಳೆಗಾಲಕ್ಕೆ ಇಡಿ’ ಎಂದಾಗ ನನಗೆ ಚರಕನೇ ಬ್ಯಾರಿ ಭಾಷೆಯಲ್ಲಿ ಮಾತಾಡಿದಂತೆ ಕೇಳಿಸಿತು.

ಎಣ್ಣೆಯನ್ನು ತೆಗೆಯುವ ಬಗೆ ಹೀಗೆ. ಕಪ್ಪು ಕಟ್ಟಿಗೆಯನ್ನು ಚೂರು ಮಾಡಿ, ಪುಡಿ ಮಾಡಿ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೀರಿನಲ್ಲಿ ನೆನೆಹಾಕುತ್ತಾರೆ. ಅಸ್ಸಾಮಿನ ಎಣ್ಣೆಗೆ ಆ ಹಟ್ಟಿಯ ವಾಸನೆ ಬರುವುದು ಬಹುಮಟ್ಟಿಗೆ ಈ ಹುಳಿಯುವಿಕೆಯಿಂದ. ಬಳಿಕ ಹಂಡೆಗೆ ತುಂಬಿ ಹಗಲಿರುಳು ಕುದಿಸಿ, ಆವಿಯನ್ನು ತಂಪುಗೊಳಿಸಿ, ನೀರಿನ ಮೇಲೆ ತೇಲುವ ಎಣ್ಣೆಯನ್ನು ಎತ್ತುತ್ತಾರೆ. ಅಬುಲ್ ಫಜಲನ ಐನೆ ಅಕ್ಬರಿಯಲ್ಲಿಯೂ ಊದ್ ಮರದಿಂದ ಇಳಿಸಿದ ಚುವಾ ಎಂಬ ದ್ರವ್ಯದ ವಿವರವಿದೆ; ನೀರಿನಲ್ಲಿ ಮುಳುಗುವ ಮರ ಮೇಲು, ಅರೆ ಮುಳುಗುವುದು ಅದಕ್ಕಿಂತ ಕಡಿಮೆ ಎಂಬ ತರತಮವೂ ಇದೆ. ಸಾಮಾನ್ಯ ಅತ್ತರಿನಲ್ಲಿ ಹೂವಿನ ಪರಿಮಳವನ್ನು ಹಿಡಿದಿಡಲು ಬೇರೊಂದು ಎಣ್ಣೆಯ ಆಸರೆ ಬೇಕು. ನಮ್ಮ ಶ್ರೀಗಂಧದೆಣ್ಣೆ ಬಹುಕಾಲ ಆ ಆಸರೆಯಾಗಿತ್ತು. ಶುದ್ಧ ಊದಿಗೆ ಯಾವ ಆಸರೆಯೂ ಬೇಡ. ಅದು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಬೆಲೆಯ ವಸ್ತುವಾದುದರಿಂದ ಬೆರಕೆಯೂ ಧಾರಾಳ. ಗೆಳೆಯರು ಗಂಟೆಗಟ್ಟಲೆ ಕಾಯುವುದು ಈ ಕಾರಣಕ್ಕಾಗಿಯೂ ಹೌದು. ಬೆರಕೆಯ ಎಣ್ಣೆ ಮೊದಲ ಕ್ಷಣದಲ್ಲಿ ಮೆಚ್ಚಿಸಿ ಆಮೇಲೆ ಹೇಳಲು ಮಾತಿಲ್ಲದೆ ನಿಲ್ಲುತ್ತದೆ ಎಂಬುದು ಅವರ ಅನುಭವ.

ಕಾಟಿಪಳ್ಳಕ್ಕೆ ಈ ಎಣ್ಣೆ ಬರುವುದು ಕೊಲ್ಲಿಗೆ ದುಡಿಯಲು ಹೋದವರ ಕೈಯಲ್ಲಿ. ಮೊದಲು ಅವರು ಮುಂಬಯಿಯ ಮೂಲಕ ಹೋಗಿಬರುತ್ತಿದ್ದರು. ೨೦೦೬ರಲ್ಲಿ ಬಜ್ಪೆಯ ವಿಮಾನ ನಿಲ್ದಾಣದಿಂದ ನೇರವಾಗಿ ದುಬೈಗೆ ವಿಮಾನ ಹಾರತೊಡಗಿತು. ಅಸ್ಸಾಮಿನ ಹೊಜಾಯಿ ಸುತ್ತಣ ಊರುಗಳಲ್ಲಿ ಇಳಿಸಿದ ಎಣ್ಣೆ ಅರಬರ ಪೇಟೆಗೆ ಹೋಗಿ, ಅಲ್ಲಿಂದ ನಮ್ಮ ಹುಡುಗರ ಪೆಟ್ಟಿಗೆಯಲ್ಲಿ ಮತ್ತೆ ಹಿಂದೂಸ್ಥಾನಕ್ಕೆ ಬರುವುದು ವಿಚಿತ್ರವಾದರೂ ನಿಜ. ಸೀಸೆ ಕೊಟ್ಟ ನನ್ನ ಶಿಷ್ಯನು ಅಲ್ಲಿ ಮೊದಲ ಸಂಬಳ ಬಂದಾಗ ಒಂದು ಚಿಕ್ಕ ಸೀಸೆಯನ್ನು ಕೊಂಡನಂತೆ. ಅಂಗಡಿಯವನು ಊದ್ ಎಂದ. ಬಳಿಕ ಅದೇ ಅಗರು ಎಂದು ತಿಳಿದಾಗ ಅವನಿಗೆ ನನ್ನ ಕರಿಹಲಗೆಯ ನೆನಪಾಯಿತಂತೆ. ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ‘ಅಂದು ಹೇಳದೆ ಬಿಟ್ಟದ್ದಕ್ಕೆ ಕ್ಷಮಿಸಪ್ಪ’ ಎಂದೆ. ‘ಹೇಳಿದ್ದರೆ ನಾನು ಹುಡುಕುತ್ತಿರಲಿಲ್ಲ ಸಾರ್’ ಎಂದು ಅವನೇ ನನ್ನನ್ನು ಬಿಡಿಸಿದ.

ಈ ಕಥೆಗೆ ಒಂದು ಕಹಿ ಮಗ್ಗುಲೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಯಾವ ಮರದ ಒಡಲಲ್ಲಿ ಅಗರು ಕೂಡಿದೆಯೆಂದು ಹೊರಗಿನಿಂದ ತಿಳಿಯುವುದು ಕಷ್ಟ. ಆದುದರಿಂದ ಕಾಡಿನಲ್ಲಿ ಒಂದಕ್ಕಾಗಿ ಹಲವನ್ನು ಕಡಿದರು. ೧೯೯೫ರಲ್ಲಿ ನಮ್ಮ ಅಗರು ಜಾತಿಯೂ, ೨೦೦೪ರ ನಿರ್ಣಯದಿಂದ ಆ ಕುಲದ ಎಲ್ಲ ಜಾತಿಗಳೂ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಡಂಬಡಿಕೆಯ ಪಟ್ಟಿಗೆ ಸೇರಿದವು. ೨೦೧೮ರಲ್ಲಿ ಈ ಜಾತಿಯನ್ನು ಅಳಿವಿನ ತೀವ್ರ ಅಪಾಯದಲ್ಲಿರುವುದೆಂದು ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು ಎಣಿಸಿತು. ತೋಟಗಳಲ್ಲಿ ಬೆಳೆಸಿದ ಮರ ಈಗ ಈ ಕೊರತೆಯನ್ನು ತುಂಬಬೇಕಾಗಿದೆ. ೨೦೨೪ರ ಏಪ್ರಿಲ್‌ನಿಂದ ಭಾರತವು ವರ್ಷಕ್ಕೆ ೧,೫೧,೦೮೦ ಕಿಲೋಗ್ರಾಂ ಚೂರು ಪುಡಿಗಳನ್ನೂ ೭,೦೫೦ ಕಿಲೋಗ್ರಾಂ ಎಣ್ಣೆಯನ್ನೂ ರಫ್ತು ಮಾಡುವಂತೆ ಪ್ರಮಾಣ ಗೊತ್ತಾಯಿತು. ನಮ್ಮ ಮಲೆನಾಡು, ಕೊಡಗುಗಳ ತೋಟಗಳಲ್ಲಿಯೂ ಅಗರು ಸಸಿ ನೆಟ್ಟವರಿದ್ದಾರೆ. ಅವರಿಗೆ ಒಂದು ಮಾತು: ಸಸಿ ಬೆಳೆದು ಮರವಾದ ಮಾತ್ರಕ್ಕೆ ಅಗರು ಆಗುವುದಿಲ್ಲ. ಗಾಯಬೇಕು, ಸೋಂಕು ಬೇಕು, ವರ್ಷಗಳು ಬೇಕು. ಅಷ್ಟಾದರೂ ಒಳಗೆ ಕೂಡಿದ್ದು ಎಷ್ಟೆಂದು ಕಡಿದಾಗಲೇ ತಿಳಿಯುವುದು. ಲಕ್ಷಗಳ ಆಸೆ ತೋರಿಸುವವರ ಮಾತಿಗೆ ಮರುಳಾಗುವ ಮುಂಚೆ ಅಮರಸಿಂಹನ ಕೃಮಿಜವನ್ನು ನೆನೆಯುವುದು ಒಳ್ಳೆಯದು.

ಕತ್ತಲಾದ ಮೇಲೆ ಕಾಟಿಪಳ್ಳದಿಂದ ಹೊರಟೆ. ಮನೆಯ ಹಿರಿಯರು ಗೇಟಿನವರೆಗೆ ಬಂದು, ಕಾಗದದಲ್ಲಿ ಸುತ್ತಿದ ಚಿಕ್ಕ ಕಪ್ಪು ಚೂರೊಂದನ್ನು ನನ್ನ ಅಂಗೈಯಲ್ಲಿಟ್ಟರು. ‘ಎಣ್ಣೆ ಮುಗಿಯುತ್ತದೆ, ಇದು ಮುಗಿಯಲಿಕ್ಕಿಲ್ಲ, ಮಕ್ಕಳಿಗೆ ತೋರಿಸಿ’ ಎಂದರು.

ಆ ಚೂರು ಈಗ ನನ್ನ ಮೇಜಿನ ಖಾನೆಯಲ್ಲಿದೆ. ಪಾಠದಲ್ಲಿ ಕೃಷ್ಣಾಗರು ಬಂದ ದಿನ ನಾನು ಕರಿಹಲಗೆಯ ಮೇಲೆ ಅರ್ಥ ಬರೆಯುವುದಿಲ್ಲ. ಚೂರನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ, ಬೆಂಚಿನಿಂದ ಬೆಂಚಿಗೆ ಕಳುಹಿಸುತ್ತೇನೆ. ಮಕ್ಕಳು ಒಬ್ಬೊಬ್ಬರಾಗಿ ಮೂಸುತ್ತಾರೆ. ಒಬ್ಬಳು ದೇವಸ್ಥಾನದ ವಾಸನೆ ಎನ್ನುತ್ತಾಳೆ, ಒಬ್ಬನು ತನ್ನ ಅಜ್ಜನ ಹಬ್ಬದ ಅಂಗಿಯ ವಾಸನೆ ಎನ್ನುತ್ತಾನೆ. ಇಬ್ಬರು ಹೇಳುವುದೂ ಸರಿ ಎನ್ನುತ್ತೇನೆ. ಆಮೇಲೆ ಪುಸ್ತಕ ತೆರೆದು ಪದ್ಯವನ್ನು ಓದುತ್ತೇವೆ.